ಸಣ್ಣ ಕಾರಿಗೆ ದೊಡ್ಡವರ ಹೆಸರು

ಆದವಾನಿಯ ಒಬ್ಬ ವಕೀಲರ ಮನಿಯಾಗ ನಾನು ಬಾಳ ವರ್ಷ ಕಾರು ಹೊಡದೀನಿ. ಆಚಾರವಂತ ವೈಷ್ಣವರ ಮನಿ. ನಗಸಬೇಕಂತ ಅಲ್ಲಿ ಯಾರೂ ಏನೂ ಮಾಡ್ತಿದ್ದಿಲ್ಲ, ಎಲ್ಲಾ ಶ್ರದ್ಧಾದಿಂದನ ಮಾಡ್ತಿದ್ರು. ಆದ್ರೂ ಏನಾರ ಒಂದು ಆಗ್ತಾನ ಇರ್ತಿತ್ತು. ನಗು ತಡಕೊಳ್ಳೋದ ನನ್ನ ನೌಕರಿಯಾಗ ಅರ್ಧ ಕೆಲಸ.

೧. ಕಿವಿ ಯಾವುದು?

ವಕೀಲರ ತಂದಿ ಕೊಂಡಿದ್ದು ಅಮೇರಿಕಾದ ಇಂಪಾಲಾ ಕಾರು. ನಮ್ಮ ಓಣ್ಯಾಗ ಅದು ಹೊಳ್ಳಬೇಕಂದ್ರ ಎದುರು ಮನಿಯವರು ಕಟ್ಟಿ ಮ್ಯಾಲಿನ ಕೊಡ ಒಳಗಿಡಬೇಕಿತ್ತು. ವಕೀಲರ ದೊಡ್ಡ ಮಗಳು ಲಗ್ನಾಗಿ ಅದರಾಗನ ಗಂಡನ ಮನಿಗೆ ಹೋದಳು. ಸಣ್ಣ ಮಗಳು ಆಗ ಇನ್ನಾ ಲಂಗ ಉಡೋ ಹುಡುಗಿ. ಕಾರಿನ ಬಾಗಿಲಿಗೆ ಜೋತುಬಿದ್ದು ಅತ್ತಳು. "ನೀನೂ ಇಂಪಾಲಾದಾಗನ ಹೋಗ್ತೀಯವ್ವ, ಇದು ನನ್ನ ಮಾತು," ಅಂದ್ರು ವಕೀಲರು.

ಮುಂದ ಆ ಕಾರಿಗೆ ಸಾಮಾನು ಸಿಗದಂಗಾತು. ಗುಜರಿಯವರು ಬಂದು ಎಳಕೊಂಡು ಹೋದ ದಿನ ವಕೀಲರು ಊಟ ಮಾಡಲಿಲ್ಲ. ಎಂಬತ್ತರ ಇಸವಿ ದಾಟಿದ ಮ್ಯಾಲೆ, ಆಗ ಹೊಸದಾಗಿ ಬರ್ತಿದ್ದ ಸಣ್ಣ ಕಾರು ತಂದ್ರು. ಸಣ್ಣ ಮಗಳು ಅದನ್ನ ಒಂದು ಸುತ್ತು ಹಾಕಿ, ಮೊಳದಿಂದ ಅಳದು ನೋಡಿ ಒಳಗ ಹೋದಳು. ಆಕಿ ಬೈದಿದ್ರ ಚಲೋ ಇತ್ತು. ಆ ಅಳತಿನ ಅವರಿಗೆ ನಾಟ್ತು.

ಮರುದಿನ ವಕೀಲರು ಒಂದು ತೀರ್ಮಾನಕ್ಕ ಬಂದ್ರು. ತೀರಿಹೋದ ಅಜ್ಜನ ಹೆಸರು ಮೊಮ್ಮಗನಿಗೆ ಇಡೋದು ನಮ್ಮ ಪದ್ಧತಿ ಐತಿ, ಹಂಗ ಹಳೇ ಕಾರಿನ ಹೆಸರು ಇದಕ್ಕಿಡೋಣ ಅಂತ. ಪುರೋಹಿತರು ಬಂದು ತಟ್ಟಿಯಾಗ ಅಕ್ಕಿ ಹರವಿ ಉಂಗುರದಿಂದ ಹೆಸರು ಬರಸಿದ್ರು. ಹಳೇ ಕಾರಿನಿಂದ ಬಿಚ್ಚಿಟ್ಟಿದ್ದ ಹೊಳೆಯೋ ಅಕ್ಷರಗಳನ್ನ ಹಿಂದ ಕೂಡಿಸಿದ್ವಿ. ಜಾಗ ಸಾಲದ ಕಡೇ ಅಕ್ಷರ ಮಗ್ಗಲಿಗೆ ಹೋತು.

ಇನ್ನ ಹೆಸರು ಕಿವಿಯಾಗ ಹೇಳಬೇಕು. ದೀಪ ಕಣ್ಣು, ಹಾರನ್ನು ಬಾಯಿ, ಅಲ್ಲಿತನ ಎಲ್ಲಾರೂ ಒಪ್ಪಿದ್ರು. ಕಿವಿ ಯಾವುದು ಅಂತ ವಾದ ಹತ್ತಿತು. ಕಡೀಕ ಪುರೋಹಿತರು ಬಲಗಡೆ ಕನ್ನಡಿಗೆ ಬಾಯಿ ಹಚ್ಚಿ ಮೆಲ್ಲಕ ಹೆಸರು ಹೇಳಿದ್ರು. ಹೇಳಿದವರು ಅದರಾಗ ತಮ್ಮ ನಾಮ ಸೊಟ್ಟಾಗಿದ್ದು ಕಂಡು, ಅಲ್ಲೇ ನೆಟ್ಟಗ ಮಾಡ್ಕೊಂಡ್ರು.

೨. ಏಳ್ರಿ, ದೊಡ್ಡವರ

ಹೆಸರಿನ ಹಿಂದ ಮರ್ಯಾದಿನೂ ಬಂತು. ಒಮ್ಮೆ ಆಸ್ಪರಿ ದಾರ್ಯಾಗ ಮಳಿ ಹೊಡದು ಗಾಲಿ ಎರೆಮಣ್ಣಿನ್ಯಾಗ ಹುಗೀತು. ನಾನು ರೂಢಿಯಂಗ ಒಂದು ಬೈಗಳ ಬೈದು, ಬಂಪರಿಗೆ ಕಾಲು ಕೊಟ್ಟು ನೂಕಲಿಕ್ಕೆ ಹೋದೆ. ಒಳಗ ವಕೀಲರ ಸೋದರತ್ತಿ ಇದ್ರು, ಮಡಿ ಮೈಲಿಗಿ ಬಾಳ ನೋಡೋ ಹಿರೇ ಜೀವ. ಕಿಟಕಿಯಿಂದ ತಲಿ ಹೊರಗ ಹಾಕಿ ನನ್ನ ತರಾಟಿಗೆ ತಗೊಂಡ್ರು. ಹಿರಿಯರ ಹೆಸರಿಟ್ಟ ಮ್ಯಾಲೆ ಕಾಲು ತಾಕಿಸಬಾರದಂತ, ಏಕವಚನ ಅಂತೂ ಕೂಡದಂತ.

ಏನ್ ಮಾಡೋದು? ಮೈಯೆಲ್ಲಾ ಮಣ್ಣು ಮಾಡ್ಕೊಂಡು, ಎರಡೂ ಕೈ ಹಚ್ಚಿ, "ಏಳ್ರಿ, ದೊಡ್ಡವರ, ಸ್ವಲ್ಪ ಏಳ್ರಿ," ಅಂತ ನೂಕಿದೆ. ಹೊಲದಾಗಿದ್ದ ಮಂದಿ ಬಂದು ಕೈಹಚ್ಚಿದ್ರು, ಕಾರು ಮ್ಯಾಲೆ ಬಂತು. ಅವರೊಳಗ ಒಬ್ಬ ಮುದುಕ ನನ್ನ ಪಕ್ಕಕ್ಕ ಕರದು, ಒಳಗಿನ ಪೆದ್ದಾಯನಿಗೆ, ಅಂದ್ರ ದೊಡ್ಡವರಿಗೆ, ಜ್ವರ ಎಷ್ಟು ದಿನದ್ದಂತ ತೆಲುಗಿನ್ಯಾಗ ಕೇಳಿದ.

೩. ದೊಡ್ಡ ಗಾಡಿ

ಸಣ್ಣ ಮಗಳಿಗೆ ಕೌತಾಳಂ ಕಡೆ ವರ ಗೊತ್ತಾತು. ಲಗ್ನ ಮುಗದು ಹುಡುಗಿನ್ನ ಕಳಿಸೋ ಹೊತ್ತಿಗೆ ವಕೀಲರು ತಾವೇ ಕಾರಿಗೆ ಹೂವಿನ ಹಾರ ಕಟ್ಟಿದ್ರು. ಮಗಳ ಮಾರಿ ನೋಡೋ ಧೈರ್ಯ ಇಲ್ಲದ ಗಾಜು ಒರಸ್ಕೋತ ನಿಂತ್ರು. "ಹೆಸರಿಗಷ್ಟ ಮಾತು ಉಳಿಸ್ಕೊಂಡೆ ನೋಡಪಾ," ಅಂತ ನನ್ನ ಮುಂದ ಅಂದ್ರು.

ಹಳೇ ಕಾರಿನ್ಯಾಗ ಯಾರ ಜಾಗ ಯಾವುದು ಅನ್ನೋದು ಆ ಮನಿಯಾಗ ಖಾಯಂ ಇತ್ತು. ಹೆಸರು ಅದ ಆದ ಮ್ಯಾಲೆ ಜಾಗನೂ ಅವ ಅಂತ ಎಲ್ಲಾರೂ ಹತ್ತಿ ಕುಂತ್ರು. ಕಿಟಕಿಗೆ ಸೋದರತ್ತಿ, ಅವರ ಮಡಿಗೆ ತಾಕದಂಗ ಒಂದು ಗೇಣು ಖಾಲಿ, ಆಮ್ಯಾಲೆ ದೊಡ್ಡಮ್ಮ, ಚಿಕ್ಕಮ್ಮ. ಮುಂದ ದೊಡ್ಡಪ್ಪ, ತೊಡಿ ಮ್ಯಾಲೆ ಹಣ್ಣಿನ ಬುಟ್ಟಿ. ಅವರಿಗೂ ನನಗೂ ನಡುವ ಹೊಸ ಅಳಿಯ. ಗೇರು ಹಾಕಬೇಕಂದ್ರ ಅವರ ಮೊಣಕಾಲಿನ ಅಪ್ಪಣಿ ಬೇಕು. ಹೊತ್ತು ಮೀರ್ತದ, ಹೊರಡು ಅಂದ್ರು ದೊಡ್ಡಪ್ಪ. ಹೊಂಟೆ.

ಊರು ದಾಟಿದ ಮ್ಯಾಲೆ ಅಳಿಯ ಕೆಮ್ಮಲಿಕ್ಕೆ ಹತ್ತಿದ್ರು. ಧೂಳಂತ ಗಾಜು ಏರಿಸಿದೆ. ಮತ್ತೂ ಕೆಮ್ಮಿದ್ರು. ಇಷ್ಟು ಮಂದಿ ಹಿರಿಯರ ಮುಂದ ಹೆಂಡತಿ ಸುದ್ದಿ ಹ್ಯಾಂಗೆತ್ತೋದಂತ, ಪಾಪ, ಬಾಳ ಹೊತ್ತು ತಡಕೊಂಡು, ಕಡೀಕ ನನ್ನ ಕಿವಿಯಾಗ, "ಹುಡುಗಿ ಬಂದಿಲ್ಲರಿ," ಅಂದ್ರು.

ಹಿಂದಿನವರು ಆಕಿ ಮುಂದದಾಳಂತ, ಮುಂದಿನವರು ಹಿಂದದಾಳಂತ ತಿಳಕೊಂಡಿದ್ರು. ಹೊಳ್ಳಿ ಬಂದ್ರ ಮದಲಗಿತ್ತಿ ಕಟ್ಟಿ ಮ್ಯಾಲೆ ಅಪ್ಪನ ಪಕ್ಕ ಕುಂತಿದ್ಲು. ಇಬ್ಬರ ಕಣ್ಣೂ ಕೆಂಪಗಾಗಿದ್ವು. ನಾನು ಗಾಬರಿಯಿಂದ ಎಲ್ಲಾರನ್ನೂ ಇಳಸಲಿಕ್ಕೆ ಹೋದೆ.

"ಇಳಸಬ್ಯಾಡ," ಅಂದ್ರು ವಕೀಲರು. "ಹಿರಿಯರನ್ನ ಮೊದಲ ಬಿಟ್ಟು ಬಾ. ನಿಧಾನಕ್ಕ ಬಾ."

ಅಳಿಯ ಮಾತ್ರ ಇಳದ್ರು. ನಾನು ಕೌತಾಳಂಗೆ ಹೋಗಿ ಬರೋತನ ಅಪ್ಪ, ಮಗಳು ಅಲ್ಲೇ ಮಾತಾಡ್ಕೋತ ಕುಂತಿದ್ರಂತ. ಆಮ್ಯಾಲೆ ಆಕಿ ಗಂಡನ ಜೋಡಿ ಹಿಂದಿನ ಸೀಟಿಗೆ ಕುಂತು ಕಾಲು ಚಾಚಿದಳು.

ಹೊರಗ ಬಗ್ಗಿ ನಿಂತ ವಕೀಲರು, "ಇಕ್ಕಟ್ಟಾತೇನವ್ವಾ?" ಅಂತ ಕೇಳಿದ್ರು.

"ಇಲ್ಲಪ್ಪ," ಅಂದಳು. "ಆ ಹಳೇ ಇಂಪಾಲಾದಾಗ ಅಕ್ಕ ಪಾಪ ದೊಡ್ಡಮ್ಮನ ತೊಡಿ ಮ್ಯಾಲೆ ಕುಂತು ಹೋದಳು. ಇದೇ ದೊಡ್ಡ ಗಾಡಿ."