ಅರವತ್ನಾಲ್ಕು ದಾಟದ ಮೀಟರು

ನಗೋ ಪ್ರಸಂಗಗಳು ನಗೋ ಜಾಗ ನೋಡ್ಕೊಂಡು ನಡೆಯಲ್ಲ. ಅಬ್ಬಿಗೆರೆಯ ನಮ್ಮ ಶೆಡ್ಡಿನಲ್ಲಿ ಎಲೆಕ್ಟ್ರಿಕ್ ಆಟೋಗಳಿಗೆ ಬ್ಯಾಟರಿ ಕಾಯೋ ಸರ್ಕ್ಯೂಟ್ ಬೋರ್ಡು ಮಾಡ್ತೀವಿ. ಸುಟ್ಟ ವಾಸನೆ ಜೊತೆಗೇ ನಗುವೂ ಬರುತ್ತೆ. ನಾನು ಹೇಳೋದರಲ್ಲಿ ಮುಕ್ಕಾಲು ಪಾಲು ನಿಜ. ಉಳಿದ ಕಾಲು ಪಾಲು ನಿಜಕ್ಕಿಂತ ಚೆನ್ನಾಗಿದೆ.

೧. ಯಾರೂ ಎಳೆಯದ ಕರೆಂಟು

ಹೊಸ ಬೋರ್ಡಿಗೆ ಇನ್ನೂ ಮೋಟಾರೇ ಜೋಡಿಸಿರಲಿಲ್ಲ. ಆದರೂ ಮೀಟರು ಒಂದು ಆಂಪಿಯರ್ ತೋರಿಸ್ತಿತ್ತು. ಯಜಮಾನರು ಬೆವೆತರು. "ಏನ್ರೀ ಇದು, ಕರೆಂಟ್ ಯಾರು ಎಳೀತಿದಾರೆ?"

"ಈ ಶೆಡ್ಡಿಗೆ ಮುಂಚೆ ಇಲ್ಲಿ ಸ್ಮಶಾನ ಇತ್ತಂತೆ ಸಾರ್," ಅಂದೆ. ಇದ್ದದ್ದು ದನದ ಕೊಟ್ಟಿಗೆ.

ನಮ್ಮ ಟೆಸ್ಟಿಂಗ್ ಮೇಡಂ ತಲೆ ಎತ್ತದೇ ಹೇಳಿದರು: "ಕರೆಂಟ್ ಅಳೆಯೋ ಚಿಪ್ಪಿನ ಔಟ್‌ಪುಟ್ ಪೂರ್ತಿ ಸೊನ್ನೆಗೆ ಇಳಿಯಲ್ಲ ಸಾರ್. ಚೂರು ವೋಲ್ಟೇಜ್ ಉಳ್ಕೊಳುತ್ತೆ. ಮೀಟರ್ ಅದನ್ನೇ ಕರೆಂಟ್ ಅಂದ್ಕೊಂಡಿದೆ."

ಯಜಮಾನರು ಇಬ್ಬರ ಮಾತನ್ನೂ ತೂಗಿ ನೋಡಿ, ಬೋರ್ಡಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿಸಿದರು.

೨. ತಲೆ ಸೂರಿಗೆ

ಮೋಟಾರ್ ಜೋಡಿಸಿ ಭಾರ ಏರಿಸ್ತಾ ಹೋದ್ವಿ. ಮೀಟರು ಅರವತ್ನಾಲ್ಕಕ್ಕೆ ಬಂದು ನಿಂತಿತು. ಎಷ್ಟೇ ಭಾರ ಹಾಕಿದರೂ ಅರವತ್ನಾಲ್ಕೇ.

"ನೋಡ್ರೀ, ಬಂಡೆ ಥರ ನಿಂತಿದೆ!" ಯಜಮಾನರು ಹಿಗ್ಗಿದರು.

"ನಿಂತಿಲ್ಲ ಸಾರ್, ತಲೆ ಸೂರಿಗೆ ತಗುಲಿದೆ," ಅಂದರು ಮೇಡಂ. "ಚಿಪ್ಪಿಗೆ ನಾವು ಕೊಡೋದೇ ಮೂರು ಚಿಲ್ಲರೆ ವೋಲ್ಟು. ಅದಕ್ಕಿಂತ ಜಾಸ್ತಿ ಅದು ಹೊರಗೆ ಕೊಡೋಕಾಗಲ್ಲ. ತಂತೀಲಿ ನೂರು ಆಂಪಿಯರ್ ಹರಿದ್ರೂ ಅರವತ್ನಾಲ್ಕು ಅಂತಲೇ ಹೇಳುತ್ತೆ. ನಾವು ಎಂಬತ್ತು ದಾಟಿದ್ರೆ ಕಟ್ ಆಗ್ಲಿ ಅಂತ ಇಟ್ಟಿದೀವಿ. ಅದು ಎಂಬತ್ತು ಅನ್ನೋದೇ ಇಲ್ಲ. ಆಟೋ ಹತ್ತಿ ಉರಿದ್ರೂ ಕಟ್ ಆಗಲ್ಲ. ಈ ಚಿಪ್ಪು ಸಿಗ್ನಲನ್ನ ಅತಿಯಾಗಿ ದೊಡ್ಡದು ಮಾಡುತ್ತೆ, ಅದಕ್ಕೇ ಬೇಗ ಸೂರು ಮುಟ್ಟುತ್ತೆ. ಇಷ್ಟು ದೊಡ್ಡದು ಮಾಡದ ಬೇರೆ ಚಿಪ್ ಹಾಕೋಣ, ಎರಡು ವಾರ ಕೊಡಿ."

"ನಾಳೆ ಟ್ರಯಲ್ ಇದೆ ಕಣಮ್ಮ! ದೊಡ್ಡ ಮೀಟರ್ ತಂದು ಹಾಕಿ. ಜಾಗ ಇದ್ರೆ ತಾನೇ ಏರೋದು?"

ತಂದು ಹಾಕಿದ್ವಿ. ಅರವತ್ನಾಲ್ಕು ಈಗ ಗೇಟಿನಿಂದಲೂ ಕಾಣ್ತಿತ್ತು.

೩. ಹೆಬ್ಬಾಳದ ಏರು

ಟ್ರಯಲ್‌ಗೆ ಒಪ್ಪಿದ್ದು ಆರ್.ಟಿ. ನಗರದ ಒಬ್ಬ ಡ್ರೈವರ್. ಮನೆಯ ಐದು ಹೊಟ್ಟೆಗೂ ಅವರದೊಂದೇ ಆಟೋ. ನಮ್ಮ ಬೋರ್ಡು, ಮೀಟರು ಎರಡನ್ನೂ ಅದಕ್ಕೇ ಕೂಡಿಸಿದ್ವಿ. "ಫುಲ್ ಲೋಡಲ್ಲಿ ಏರು ಹತ್ತಬೇಡಿ ಭಾಯ್," ಅಂತ ಮೇಡಂ ಬೇಡ್ಕೊಂಡರು.

"ಸೀಟ್ ಖಾಲಿ ಓಡ್ಸಿದ್ರೆ ಹೊಟ್ಟೆ ಖಾಲಿ ಮೇಡಂ," ಅಂತ ನಕ್ಕು ಹೋದರು.

ಮೂರು ಜನ, ಮೂರು ಸೂಟ್‌ಕೇಸು, ಹೆಬ್ಬಾಳ ಫ್ಲೈಓವರ್. ಅರ್ಧ ಏರಿನಲ್ಲಿ ಹೊಗೆ. ಡ್ರೈವರ್ ಜನರನ್ನ ಇಳಿಸಿ, ಬೆಂಕಿ ಹತ್ತಿದ್ದ ತಂತಿಯನ್ನ ಬರಿಗೈಲಿ ಕಿತ್ತರು. ಪ್ಯಾಸೆಂಜರುಗಳು ಉಳಿದರು. ಆಟೋ ಉಳಿಯಲಿಲ್ಲ. ಎರಡೂ ಅಂಗೈ ಬೆಂದವು. ಇದರಲ್ಲಿ ನಾನು ಸೇರಿಸೋ ಕಾಲು ಪಾಲು ಇಲ್ಲ.

ನಾವು ಮೂವರೂ ಆಸ್ಪತ್ರೆಗೆ ಹೋದ್ವಿ. ಯಜಮಾನರು ಮೂಸಂಬಿ ಚೀಲ ಇಟ್ಟು, ಮೆಲ್ಲಗೆ ಕೇಳಿದರು: "ಮೀಟರ್ ಎಷ್ಟು ತೋರಿಸ್ತಿತ್ತಪ್ಪ?"

"ಅರವತ್ನಾಲ್ಕು ಸಾರ್. ನಾನು ಕಿರುಚ್ದೆ, ಅದು ಕಿರುಚ್ಲಿಲ್ಲ."

ಯಜಮಾನರು ಮೇಡಂ ಕಡೆ ತಿರುಗಿ, "ಎರಡು ವಾರ ತಗೊಳಮ್ಮ," ಅಂದರು. ಡ್ರೈವರ್‌ಗೆ, "ಹೊಸ ಆಟೋ ನಾನೇ ಕೊಡಿಸ್ತೀನಿ. ಕೈ ವಾಸಿಯಾದ ಮೇಲೆ ಇನ್ನೊಂದೇ ಒಂದು ಟ್ರಯಲ್..."

ಡ್ರೈವರ್ ಬ್ಯಾಂಡೇಜಿನ ಎರಡೂ ಕೈ ಎತ್ತಿ ಮುಗಿದರು. "ಆಗ್ಲಿ ಸಾರ್. ಈ ಸಲ ನೀವು ಓಡ್ಸಿ. ಮೂಸಂಬಿ ನಾನು ತರ್ತೀನಿ."