ಗೌರಿಯ ಮೂಗು ಕಟ್ಟಿದ್ದು

ಮನೆಗೆ ಯಜಮಾನ ನಾನೇ ಎಂಬ ಭ್ರಮೆ ಮದುವೆಯಾದ ಹೊಸದರಲ್ಲಿ ನನಗೂ ಇತ್ತು. ಬೆಕ್ಕು ಬಂದ ಮೇಲೆ ಅದೂ ಹೋಯಿತು. ಮುದ್ದೇಬಿಹಾಳದ ಸಾಲೆಯಲ್ಲಿ ಇಡೀ ವರ್ಗವನ್ನು ಕಣ್ಣಲ್ಲೇ ಹೆದರಿಸುತ್ತಿದ್ದ ಮಾಸ್ತರನಾದ ನಾನು, ಮನೆಯಲ್ಲಿ ಗೌರಿ ಎಂಬ ಆ ಬೆಕ್ಕಿಗೆ ಚಾಪೆ ಬಿಟ್ಟುಕೊಟ್ಟು ಬರಿ ನೆಲದಲ್ಲಿ ಕೂತು ಉಣ್ಣುತ್ತಿದ್ದೆ.

ಒಂದು ಚಳಿಗಾಲದಲ್ಲಿ ಗೌರಿಗೆ ನೆಗಡಿಯಾಯಿತು. ಮೂಗು ಸೋರಿ, ಕಣ್ಣು ಅಂಟಿ, ಉಸಿರೆಳೆದರೆ ಗೊರಗೊರ ಸದ್ದು. ನನ್ನ ಹೆಂಡತಿ ಬಿಸಿನೀರಲ್ಲಿ ಅರಿವೆ ಅದ್ದಿ ಅದರ ಮೂಗು ಒರೆಸಿದ್ದೇ ಒರೆಸಿದ್ದು. ನನಗೆ ನೆಗಡಿಯಾದಾಗ "ಅಂಗಳಕ್ಕ ಹೋಗಿ ಸೀನ್ರಿ" ಎಂದವಳೂ ಇವಳೇ. ಕೊನೆಗೆ ಗೊರಗೊರ ಸದ್ದು ನಿಂತಿತು, ಆದರೆ ಗೌರಿ ಏನನ್ನೂ ತಿನ್ನಲೊಲ್ಲಳು. ಹಾಲಿನ ಬಟ್ಟಲಿಗೆ ಮುಖ ಒಡ್ಡಿ, ತಿರುಗಿ ಮಲಗುವಳು. ಸವರಿದರೆ ಬೆನ್ನೆಲುಬು ಕೈಗೆ ಹತ್ತುತ್ತಿತ್ತು. ಬದುಕುತ್ತಾಳೋ ಇಲ್ಲವೋ ಎಂದು ನನಗೂ ಹೆದರಿಕೆಯಾಗಿತ್ತು, ಹೇಳಿಕೊಳ್ಳಲಿಲ್ಲ ಅಷ್ಟೆ.

ಪಕ್ಕದ ಮನೆಯ ರಾಬಿಯಾಬಿ ಬಂದು ನೋಡಿ, "ಮೂಗು ಇನ್ನೂ ಕಟ್ಟೈತ್ರಿ ಅಕ್ಕಾರ. ವಾಸನಿ ಹತ್ತಲಿಲ್ಲಂದ್ರ ಬೆಕ್ಕು ತುಪ್ಪಾ ಇಟ್ರೂ ತಿನ್ನಾಂಗಿಲ್ಲ" ಎಂದಳು. ಅಷ್ಟರಲ್ಲಿ ನಮ್ಮ ಜೋಳದ ಚೀಲದಲ್ಲಿ ಇಲಿಗಳು ಸಂಸಾರ ಹೂಡಿದ್ದವು. ಅದನ್ನೂ ನೋಡಿ, ರಾಬಿಯಾಬಿಯೇ ತಾಳಿಕೋಟೆಯ ತನ್ನ ತವರಿನಿಂದ ಒಂದು ಬೆಕ್ಕಿನ ಮರಿ ತಂದುಕೊಟ್ಟಳು. "ಒಮ್ಮೆಲೆ ಗೌರಿ ಮುಂದ ಬಿಡಬ್ಯಾಡ್ರಿ. ಆಕಿ ಹಾಸಿಗಿ ಅರಿವಿಲೆ ಮರಿ ಮೈ ತಿಕ್ರಿ. ತನ್ನ ವಾಸನಿ ಬಂದ್ರ ತನ್ನದಂತ ತಿಳಕೋತಾಳ."

ತಿಕ್ಕುವ ಕೆಲಸ ನನ್ನ ಪಾಲಿಗೆ ಬಂತು. ಆಗ ನಮ್ಮ ಓಣಿಗೆ ಇನ್ನೂ ಕರೆಂಟು ಬಂದಿರಲಿಲ್ಲ, ಒಳಕೋಣೆಯಲ್ಲಿ ಹಗಲಿಗೂ ಕತ್ತಲೆ. ಕೈಗೆ ಸಿಕ್ಕ ಅರಿವೆಯಿಂದ ಭಕ್ತಿಯಿಟ್ಟು ತಿಕ್ಕಿ ಹೊರಗೆ ತಂದೆ. ಹೆಂಡತಿ ಹಣೆ ಬಡಿದುಕೊಂಡಳು. ಅದು ನಾನು ವಾರದಿಂದ ಒಗೆಯದೆ ತಲೆಗೆ ಸುತ್ತುತ್ತಿದ್ದ ರುಮಾಲು. "ಹುಡುಗೂರಿಗೆ ಏನ್ ಕಲಸ್ತೀರೋ ಆ ಶಿವನೇ ಬಲ್ಲ" ಎಂದಳು. ಅಷ್ಟರಲ್ಲಿ ಮರಿ ಕೈಜಾರಿ ಗೌರಿಯ ಎದುರಿಗೇ ಹೋಗಿ ನಿಂತಿತು. ಗೌರಿ ಮೂಸಿದಳು. ಮತ್ತೊಮ್ಮೆ ಮೂಸಿದಳು. ಬೆನ್ನು ಡೊಂಕಾಯಿತು, ಬಾಲ ಉಬ್ಬಿತು, 'ಫುಸ್ಸ್' ಎಂದಳು ನೋಡಿ. ಎಲ್ಲ ಕೆಟ್ಟಿತೆಂದು ನಾನು ಮರಿಯನ್ನು ಎತ್ತಿಕೊಂಡೆ. ಹೆಂಡತಿ ಮಾತ್ರ ಕಣ್ಣೊರೆಸಿಕೊಳ್ಳುತ್ತ ನಗುತ್ತಿದ್ದಳು. "ವಾಸನಿ ಹತ್ತೇತ್ರಿ ಆಕಿಗೆ. ಮೂಗು ಬಿಟ್ಟೈತಿ" ಎಂದು ಹಾಲು ತರಲು ಓಡಿದಳು. ಗೌರಿ ಬಟ್ಟಲನ್ನು ನೆಕ್ಕಿ ಬರಿದು ಮಾಡಿದಳು. ಮರಿಯನ್ನೂ ನಾಲ್ಕಾರು ದಿನ ಬೈದು, ಆಮೇಲೆ ಅದರ ಮೈ ನೆಕ್ಕಿ ನೆಕ್ಕಿ ನನ್ನ ಗುರುತು ಅಳಿಸಿ, ಚಾಪೆಯಲ್ಲಿ ಜಾಗ ಕೊಟ್ಟಳು.

"ಏನ್ ಔಷಧ ಕೊಟ್ರಿ ಅಕ್ಕಾರ?" ಎಂದು ರಾಬಿಯಾಬಿ ಕೇಳಿದಳು. ಹೆಂಡತಿ ನನ್ನ ಕಡೆ ನೋಡಿ, "ಔಷಧ ಮನ್ಯಾಗ ಇತ್ತವ್ವಾ, ನಮಗ ಗೊತ್ತಿರಲಿಲ್ಲ" ಎಂದಳು. ಮದುವೆಯಾದಂದಿನಿಂದ ಆಕೆ ನನ್ನನ್ನು ಹೊಗಳಿದ್ದು ಅದೊಂದೇ ಸಲ. ಆ ರುಮಾಲನ್ನು ಒಗೆಯಲು ಹಾಕಲು ನನಗೆ ಬಹಳ ದಿನ ಮನಸ್ಸೇ ಬರಲಿಲ್ಲ.