ಎನ್‌ಜೈಮಿನ ಕೈ ಹಿಡಿದ ಪ್ರಸಂಗಗಳು

ಜೀವಕೋಶದ ಬಗ್ಗೆ ಓದಿದವಳು ಅಜ್ಜಂಪುರಕ್ಕೆ ವಾಪಸ್ ಬಂದರೆ ಇಂಥವು ನಡೆಯುತ್ತಲೇ ಇರುತ್ತವೆ. ನಾನು ಓದಿದ್ದು ಹಿಸ್ಟೋನ್ ಡಿಅಸಿಟೈಲೇಸ್ ಇನ್‌ಹಿಬಿಟರ್ ಎಂಬ ಔಷಧಿಗಳನ್ನು. ಹೆಸರು ಹೇಳಿ ಮುಗಿಸುವಷ್ಟರಲ್ಲಿ ಕೇಳಿದವರು ಎದ್ದು ಹೋಗಿರುತ್ತಾರೆ. ಕಡೂರಿನ ಕಾಲೇಜೊಂದರಲ್ಲಿ ಪಾಠ ಹೇಳುವ ಕೆಲಸಕ್ಕೆ ಸಂದರ್ಶನವಿತ್ತು. ಇದನ್ನು ಎಲ್ಲರಿಗೂ ತಿಳಿಯುವಂತೆ ಹೇಳಿದರೆ ಕೆಲಸ, ಇಲ್ಲವಾದರೆ ಇಲ್ಲ. ಸಿಕ್ಕಸಿಕ್ಕವರ ಮೇಲೆ ಅಭ್ಯಾಸ ಶುರುಮಾಡಿದೆ.

ಹೆಬ್ಬೆರಳು

ಶಿವನಿಯಲ್ಲಿ ರೈಲು ಹತ್ತಿದ ಈರುಳ್ಳಿ ಬೆಳೆಗಾರರೊಬ್ಬರು ಎದುರು ಕೂತರು.

"ಕಣ್ಣಲ್ಲಿರೋ ಜೀನ್‌ಗಳೇ ಕಾಲ್ಬೆರಳಲ್ಲೂ ಇರ್ತವೆ. ಬೇಡದ್ದು ಮುಚ್ಚಿರ್ತವೆ, ಅಷ್ಟೆ" ಎಂದೆ.

"ಅಂದ್ರೆ ಬೆರಳಿಗೂ ನೋಡೋ ವಿದ್ಯೆ ಗೊತ್ತೈತೆ?"

"ಬರೆದಿದೆ, ಆದ್ರೆ ಮುಚ್ಚಿದೆ."

ಅವರು ತಮ್ಮ ಕಾಲಿನ ಹೆಬ್ಬೆರಳನ್ನು ದಿಟ್ಟಿಸಿದರು. ಆಮೇಲೆ ಸೀಟಿನ ಮೇಲಿದ್ದ ಕಾಲನ್ನು ಮೆಲ್ಲಗೆ ಇಳಿಸಿ ಪಂಚೆ ಹೊದಿಸಿದರು. "ಹೆಣ್ಮಕ್ಳು ಕೂತವ್ರೆ, ಯಾಕ್ ಬೇಕು."

ಚಿಕ್ಕಮ್ಮನ ಮನೆ

ತರೀಕೆರೆಯ ಚಿಕ್ಕಮ್ಮನಿಗೆ ಮುಂದಿನ ಪಾಠ ಹೇಳಿದೆ. "ಡಿಎನ್‌ಎ ಅನ್ನೋದು ದಾರ, ಹಿಸ್ಟೋನ್ ಅದನ್ನ ಸುತ್ತೋ ಉಂಡೆ. ಉಂಡೆಗೆ ಅಸಿಟೈಲ್ ಅನ್ನೋ ಚೂರು ಅಂಟಿದ್ರೆ ಸುತ್ತು ಸಡಿಲ, ಜೀನ್ ಕೆಲಸ ಮಾಡುತ್ತೆ. ಒಂದು ಎನ್‌ಜೈಮ್ ಬಂದು ಆ ಚೂರು ಕಿತ್ತು ಬಿಗಿ ಮಾಡುತ್ತೆ. ಜೀನ್ ಬಾಯಿ ಬಂದ್! ನಮ್ಮ ಔಷಧಿ ಎನ್‌ಜೈಮಿನ ಕೈ ಹಿಡಿದು ಕೂರಿಸುತ್ತೆ."

"ಮನೆ ಅಂದ್ಮೇಲೆ ಒಬ್ರಾದ್ರೂ ಬಿಗಿಯಾಗಿರ್ಬೇಕು ಕಣೇ" ಎಂದರು ಚಿಕ್ಕಮ್ಮ.

ಅವರೆದುರು ಎಂದೂ ಬಾಯಿ ಬಿಡದ ಚಿಕ್ಕಪ್ಪ ಪೇಪರಿನಿಂದ ತಲೆ ಎತ್ತಿದರು. "ಆ ಮಾತ್ರೆ ತರೀಕೆರೇಲಿ ಸಿಗುತ್ತೇನಮ್ಮಾ?"

ಸಂದರ್ಶನ

ಕಾಲೇಜಿನ ಆಡಳಿತ ಮಂಡಳಿಯ ಅಧ್ಯಕ್ಷರು ಹಿರಿಯರು. ಸುತ್ತ ಕೂತ ಲೆಕ್ಚರರ್‌ಗಳು, ಗುಮಾಸ್ತರು, ಯಾರು ಮಾತೆತ್ತಿದರೂ ಅವರು ಕೈ ಎತ್ತುತ್ತಿದ್ದರು, ಮಾತು ಅಲ್ಲಿಗೇ ನಿಲ್ಲುತ್ತಿತ್ತು. ಅವರನ್ನು ಹೊಗಳುತ್ತಿದ್ದ ಪ್ರಾಂಶುಪಾಲರಿಗೆ ಮಾತ್ರ ತಡೆಯಿರಲಿಲ್ಲ. ನನಗೋ ಕಲಿತದ್ದೆಲ್ಲ ಮರೆತುಹೋಯಿತು. ಈ ಕೆಲಸವೂ ಹೋಯಿತು ಅನ್ನಿಸಿ ಅಳು ಬಂತು. ಕೊನೆಗೆ ಗಟ್ಟಿ ಮನಸ್ಸು ಮಾಡಿ, "ಸಾರ್, ನೀವೇ ಎನ್‌ಜೈಮ್, ಇವರೆಲ್ಲ ಜೀನ್‌ಗಳು, ನಾನು ಔಷಧಿ" ಎಂದು ಅವರ ಎರಡೂ ಕೈ ಹಿಡಿದುಕೊಂಡೆ.

ಅಧ್ಯಕ್ಷರ ಕೈ ಏಳದ್ದನ್ನು ಕಂಡು ಲೆಕ್ಚರರ್ ಒಬ್ಬರು, "ಸಾರ್, ಲ್ಯಾಬಿನ ನಲ್ಲೀಲಿ ನೀರು ಬರ್ತಿಲ್ಲ" ಎಂದರು. "ನನ್ ಕುರ್ಚಿ ಕಾಲು ಮುರ್ದದೆ" ಎಂದರು ಗುಮಾಸ್ತರು. ಟೀ ತಂದ ಅಟೆಂಡರ್, "ನಿಮ್ ಭಾಷಣ ಉದ್ದ ಆಯ್ತದೆ ಸಾರ್, ಮಕ್ಳು ಬಿಸ್ಲಲ್ಲಿ ತಲೆ ಸುತ್ತಿ ಬೀಳ್ತವೆ" ಎಂದ. ಪ್ರಾಂಶುಪಾಲರು ಮಾತ್ರ ಗಪ್‌ಚಿಪ್.

"ನೋಡಿ ಸಾರ್, ಔಷಧಿ ಬಿದ್ರೆ ಸುಮ್ನಿದ್ದ ಎಷ್ಟೋ ಜೀನ್ ಮಾತಾಡ್ತವೆ, ಮಾತಾಡ್ತಿದ್ದ ಕೆಲವು ಸುಮ್ನಾಗ್ತವೆ" ಎಂದೆ.

"ಇನ್ನೊಂದ್ ಇಸ್ಯ ಐತೆ ಸಾರ್" ಎನ್ನುತ್ತ ಅಟೆಂಡರ್ ಟ್ರೇ ಕೆಳಗಿಟ್ಟು, ಕುರ್ಚಿ ಎಳೆದುಕೊಂಡು ಕೂತ.

ಅಧ್ಯಕ್ಷರು ಕೈ ಕೊಸರುತ್ತ ಕೂಗಿದರು: "ತಿಳೀತು ಕಣಮ್ಮಾ! ಕೆಲ್ಸ ನಿಂದೇ! ಮೊದ್ಲು ಕೈ ಬಿಡು!"